ಹುಟ್ಟಿದೂರು, ಇರುವೂರು ಮತ್ತು ಕುರುಗೋಡಿನ ಬಸ್ಸು

ಬಳ್ಳಾರಿ ಬಿಡುವಾಗ ನನ್ನ ತಲೆ ಸ್ಪಷ್ಟವಾಗಿಯೇ ಇತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಮಾರ್ಚ್ ತಿಂಗಳು, ಬೆಳಗಿನ ಬಸ್ಸು. ಸಿರುಗುಪ್ಪಕ್ಕೆ ಟಿಕೆಟ್ಟು ಮೂರು ರೂಪಾಯಿ ಚಿಲ್ಲರೆ. ತೊಡೆಯ ಮೇಲೆ ಪೇಪರಿನಲ್ಲಿ ಕಟ್ಟಿದ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಹುಡುಗಿಯರ ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುವ ನಾನು ಮುಂದಿನ ವಾರ ವಲಸೆಯ ಪಾಠ ಮಾಡಬೇಕಿತ್ತು. ಹುಟ್ಟಿದ ಊರು ಒಂದು, ವಾಸದ ಊರು ಇನ್ನೊಂದು ಆದರೆ ಆ ಮನುಷ್ಯ ವಲಸಿಗ, ಇಷ್ಟೇ ವ್ಯಾಖ್ಯೆ. ಆದರೂ ವಲಸೆ ಬಂದವರ ಮನೆಯನ್ನೇ ಒಮ್ಮೆ ನೋಡಿ ಬರೋಣ ಎಂದು ಹೊರಟಿದ್ದೆ.

ಗೊಂದಲ ಶುರುವಾದದ್ದು ಬಸ್ಸಿನಲ್ಲೇ. ನನ್ನ ಒಂದು ಕಾಲ ಮೇಲೆ ಯಾರದೋ ಕೋಳಿಬುಟ್ಟಿ, ಇನ್ನೊಂದರ ಮೇಲೆ ಯಾರದೋ ಕಾಲು. ಕಿಟಕಿಯಾಚೆ ಮಾತ್ರ ಕಣ್ಣು ಹಾಯುವವರೆಗೆ ಕಪ್ಪು ನೆಲ, ನರಪಿಳ್ಳೆಯಿಲ್ಲ. ಜನಸಾಂದ್ರತೆ ಎಂದರೆ ಇವೆರಡರ ಸರಾಸರಿ ಎಂದು ನಾನು ವರ್ಷವರ್ಷವೂ ಹೇಳುತ್ತಾ ಬಂದಿದ್ದೆ. ಆ ಸರಾಸರಿಯಲ್ಲಿ ಯಾರು ಬದುಕುತ್ತಾರೋ ನನಗೆ ಹೊಳೆಯಲಿಲ್ಲ.

ತೆಕ್ಕಲಕೋಟೆ ದಾಟಿ ಸಿರುಗುಪ್ಪದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ವೆಂಕಯ್ಯನವರು ಎತ್ತಿನ ಗಾಡಿ ತಂದಿದ್ದರು. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಗೋದಾವರಿ ಸೀಮೆಯಿಂದ ಬಂದು ಇಲ್ಲಿ ಭತ್ತ ಬೆಳೆದವರು. ನಮ್ಮ ಮನೆಗೆ ಅಕ್ಕಿ ಅವರದೇ. ನನ್ನ ಜೊತೆ ಇಳಿದವರೊಬ್ಬರು ಅವರನ್ನು ಯಾವೂರೆಂದು ಕೇಳಿದರು.

"ಸಿರುಗುಪ್ಪ," ಎಂದರು ವೆಂಕಯ್ಯ. ಸ್ವಲ್ಪ ತಡೆದು, "ಅಂದ್ರ, ಮೊದ್ಲು ಗೋದಾವರಿ ಕಡಿ," ಎಂದು ಸೇರಿಸಿದರು. ನಮ್ಮ ಮನೆಗೆ ಬಂದಾಗಲೂ ಅಷ್ಟೇ, ಊರಿನ ಹೆಸರಿಗೆ ಈ ಬಾಲ ಇದ್ದೇ ಇರುತ್ತಿತ್ತು.

ಕಾಲುವೆಯ ಪಕ್ಕದ ಅವರ ಕ್ಯಾಂಪಿನಲ್ಲಿ, ಅಂದರೆ ಹೀಗೆ ಬಂದವರೇ ಕಟ್ಟಿಕೊಂಡ ಪುಟ್ಟ ಊರಿನಲ್ಲಿ, ಇಪ್ಪತ್ತು ಮೂವತ್ತು ಮನೆಗಳು. ಒಳಗೆ ತುಂಬು ಬಸುರಿ ಸೊಸೆ ಸುಶೀಲ ಬಿಸಿ ಅನ್ನಕ್ಕೆ ಪುಂಡಿಸೊಪ್ಪಿನ ಪಚ್ಚಡಿ, ತುಪ್ಪ ಬಡಿಸಿದಳು. ಅವಳ ತಂದೆಯೂ ಗೋದಾವರಿ ಕಡೆಯಿಂದ ಬಂದು ಕುರುಗೋಡಿನಲ್ಲಿ ನೆಲೆಸಿದವರು. ಕಡೆಯ ಮಗಳಾದ ಇವಳು ಅಲ್ಲೇ ಹುಟ್ಟಿದ್ದಳು. ಅಂದು ಮಧ್ಯಾಹ್ನವೇ ಮಾವನ ಜೊತೆ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಿದ್ದಳು. ಬಾಗಿಲ ಬಳಿ ಟ್ರಂಕು ಸಿದ್ಧವಾಗಿತ್ತು.

"ವಲಸಿ ಬಂದವ್ರು ಅಂದ್ರ ಯಾರು ಟೀಚರಮ್ಮ, ಪಾಠದಾಗ ಏನಂತ ಐತಿ?" ಎಂದು ವೆಂಕಯ್ಯ ಕೇಳಿದರು. ನಾನು ಉತ್ಸಾಹದಿಂದ ವ್ಯಾಖ್ಯೆ ಒಪ್ಪಿಸಿಬಿಟ್ಟೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. "ನಾನು ಅಲ್ಲಿ ಹುಟ್ಟಿದವ, ಸರಿ. ನಾವು ಇಲ್ಲಿಗೆ ಬಂದ ಮ್ಯಾಲೆ ನನ್ನ ಹೆಂಡ್ತಿ ಹೆರಿಗಿಗೆ ಗೋದಾವರಿ ಕಡಿ ತವರಿಗೆ ಹೋದ್ಲು. ಮಗ ಅಲ್ಲೇ ಹುಟ್ಟಿದ. ಅವನೂ ವಲಸಿ. ಈಗ ಮೊಮ್ಮಗು ಕುರುಗೋಡ್ನಾಗ ಹುಟ್ಟಿದ್ರ ಅದೂ ವಲಸಿ ಕದಾ, ಅಲ್ಲೇನು?" ಸೊಸೆಯ ಕಡೆ ತಿರುಗಿ, "ನೀ ಹೋಗಾಕ ಬ್ಯಾಡಮ್ಮ. ಈ ಮನ್ಯಾಗ ಒಬ್ಬರಾದ್ರೂ ಇಲ್ಲೇ ಹುಟ್ಟಬೇಕು," ಎಂದರು.

ಸುಶೀಲಳ ಮುಖ ಬಾಡಿತು. ಅತ್ತೆ ತೀರಿಹೋಗಿದ್ದರು, ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಗಂಡ ಗದ್ದೆಗೆ ನೀರು ಹಾಯಿಸಲು ಹೋಗಿದ್ದ. ಪಾಠ ಹೇಳಲು ಹೋಗಿ ಒಬ್ಬ ಬಸುರಿಯ ತವರಿಗೇ ಕಲ್ಲು ಹಾಕಿದ್ದೆ.

"ಅಯ್ಯೋ, ನಾನೂ ಹುಟ್ಟಿದ್ದು ರೂಪನಗುಡಿಯಾಗ್ರೀ, ನಮ್ಮವ್ವನ ತವರು. ಆದ್ರ ನಾನು ಬಳ್ಳಾರಿಯಾಕಿ, ನನ್ನ ಯಾರೂ ವಲಸಿ ಅನ್ನೋದಿಲ್ಲ," ಎಂದೆ. ಹಾಗೆನ್ನುವಾಗಲೇ ದಿಗಿಲಾಯಿತು. ಪುಸ್ತಕದ ಪ್ರಕಾರ ನಾನೂ ವಲಸೆ ಬಂದವಳೇ. ನಮ್ಮ ಬೀದಿಯ ಚೊಚ್ಚಲ ಮಕ್ಕಳಲ್ಲಿ ಬಹುಪಾಲು ವಲಸಿಗರೇ!

"ನಿಮ್ಮಪ್ಪ ಬಳ್ಳಾರಿಯವ್ರು, ಯಾರೂ ಕೇಳೋದಿಲ್ಲ. ಈ ಕೂಸಿನ ಅಪ್ಪ ಎಲ್ಲಿಯವ, ಹೇಳ್ರಿ?" ಎಂದರು ವೆಂಕಯ್ಯ. ಕಾಲೇಜಿನಲ್ಲಾದರೆ ಗಂಟೆ ಹೊಡೆದು ಬಚಾವಾಗುತ್ತಿದ್ದೆ.

ಆಗ ಸುಶೀಲ ಬಡಿಸುವ ಪಾತ್ರೆಯನ್ನು ಕೆಳಗಿಟ್ಟಳು.

"ಮಾವಯ್ಯ, ನಾ ಹುಟ್ಟಿ ಬೆಳದದ್ದು ಕುರುಗೋಡ್ನಾಗ. ಮದಿವಿ ಮರುದಿನ, ಯಾರು ಕೇಳಿದ್ರೂ ನಿನ್ನೂರು ಸಿರುಗುಪ್ಪ ಅನ್ಬೇಕು ಅಂತ ನೀವ ಹೇಳಿಕೊಟ್ರಿ. ನಾ ಒಂದ ದಿನದಾಗ ಕಲ್ತೆ. ನೀವು ಬಂದು ಇಷ್ಟು ವರ್ಷಾತು, ನಿಮಗ ಇನ್ನೂ ಬಾಯಿಗೆ ಬರವಲ್ದು. ಅದನ್ನ ನನ್ನ ಹೊಟ್ಟ್ಯಾಗಿನ ಕೂಸಿನ ಕೈಲಿ ಹೇಳಸ್ತೀರೇನು? ನನಗ ಅಂಜಿಕಿ ಆಗ್ತೈತಿ. ನನಗ ನಮ್ಮವ್ವ ಬೇಕು."

ವೆಂಕಯ್ಯ ತಟ್ಟೆ ಬಿಟ್ಟು ಎದ್ದರು. ಕೈ ತೊಳೆದು ಅಂಗಳದಲ್ಲಿ ಎತ್ತುಗಳನ್ನು ಗಾಡಿಗೆ ಹೂಡಿದರು. ಆಮೇಲೆ ಒಳಗೆ ಬಂದು ಟ್ರಂಕನ್ನು ಎತ್ತಿ ಗಾಡಿಯಲ್ಲಿಟ್ಟರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಬಳ್ಳಾರಿಗೆ ನೇರ ಬಸ್ಸಿದ್ದರೂ ಅವರ ಜೊತೆಗೇ ಹೊರಟೆ.

ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಬಸ್ಸು ಬದಲಿಸಿದೆವು. ಸುಶೀಲ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ತಗ್ಗು ಬಂದಾಗಲೆಲ್ಲ ವೆಂಕಯ್ಯ ಡ್ರೈವರನನ್ನು ಬೈದರು. ಕುರುಗೋಡಿನ ಗುಡ್ಡ ಕಂಡಾಗ ಹೊತ್ತು ಇಳಿದಿತ್ತು. ನಿಲ್ದಾಣದಲ್ಲೇ ಕಾದಿದ್ದ ತಾಯಿ ಮಗಳ ಗಲ್ಲ ಹಿಡಿದು, "ಎಷ್ಟು ಸೊರಗಿಯವ್ವಾ," ಎನ್ನುತ್ತಾ ಮನೆಗೆ ಕರೆದೊಯ್ದರು. ಸೊರಗಿದ್ದು ನನಗೇನೂ ಕಾಣಲಿಲ್ಲ. ನನ್ನನ್ನು ಬಸ್ಸು ಹತ್ತಿಸಿ ಬರುತ್ತೇನೆಂದು ವೆಂಕಯ್ಯ ಹಿಂದೆ ಉಳಿದರು.

ಇಬ್ಬರೂ ಅಲ್ಲೇ ಅಂಗಡಿಯಲ್ಲಿ ಚಹಾ ಹಿಡಿದು ನಿಂತೆವು. ನನ್ನ ತಲೆಯಲ್ಲಿ ಹುಟ್ಟಿದೂರು, ಅಪ್ಪನೂರು, ಗಂಡನೂರು ಎಲ್ಲ ಕಲಸುಮೇಲೋಗರ. ಮುಂದಿನ ವಾರ ಹುಡುಗಿಯರಿಗೆ ಏನು ಹೇಳಲಿ?

"ಯಾವೂರ್ರೀ ಯಜಮಾನ್ರ?" ಎಂದು ಅಂಗಡಿಯವನು ಕೇಳಿದ.

"ಸಿರುಗುಪ್ಪ," ಎಂದರು ವೆಂಕಯ್ಯ.

ಬಾಲಕ್ಕಾಗಿ ನಾನು ಕಾದೆ. ಅವರು ಚಹಾ ಊದಿ ಕುಡಿದರು, ಅಷ್ಟೇ.

"ನಿಮ್ದ್ರೀ ಅಮ್ಮಾ?"

"ಬಳ್ಳಾರಿ," ಎಂದೆ. "ಅಂದ್ರ, ಹುಟ್ಟಿದ್ದು ರೂಪನಗುಡಿ..."

ವೆಂಕಯ್ಯ ಚಹಾ ಚೆಲ್ಲುವಷ್ಟು ನಕ್ಕು, "ಟೀಚರಮ್ಮ, ನಿಮ್ಮೂರಿನ ಬಸ್ಸು ಬಂತು, ಹತ್ರೀ," ಎಂದರು.