ಹಳಿಯ ಮೇಲೆ ಭಾನುವಾರದ ಊಟ

ನಮ್ಮೂರು ಲಾ ಪೆರ್ದಿಸ್‌ನಲ್ಲಿ ನೆಲಿದಾ ಎಚಾರ್ರಿಯ ಕೈಯಡುಗೆ ಉಣ್ಣದವರಿಲ್ಲ. ರೈಲು ಓಡುತ್ತಿದ್ದ ಕಾಲದಲ್ಲಿ ಆಕೆ ಪ್ಲಾಟ್‌ಫಾರ್ಮಿನಲ್ಲಿ ಬುಟ್ಟಿ ಹಿಡಿದು ಮಾಂಸದ ಹೂರಣ ತುಂಬಿದ ಕಡುಬು, ಬಿಸಿ ಎಂಪನಾದಾ ಮಾರುತ್ತಿದ್ದಳು. ಗಂಡ ಹಸಿಂತೊ ಹಳಿ ರಿಪೇರಿ ಮಾಡುವ ರೈಲ್ವೆ ಗ್ಯಾಂಗ್‌ಮನ್. ಆಗ ಅರ್ಜೆಂಟೀನಾದ ಮೂಲೆ ಮೂಲೆಗೂ ಹಳಿ ಹಬ್ಬಿತ್ತು. ತೊಂಬತ್ತರ ದಶಕದಲ್ಲಿ ಸರ್ಕಾರ ನಷ್ಟವೆಂದು ಒಂದೊಂದೇ ಮಾರ್ಗ ಮುಚ್ಚುತ್ತ ಬಂತು. ನಮ್ಮದೂ ಹೋಯಿತು. ಹಸಿಂತೊ ಕುರಿ ಕಾಯಲು ಸೇರಿಕೊಂಡ.

ಕೆಲವು ವರ್ಷಗಳ ಮೇಲೆ ಒಬ್ಬ ಗುಜರಿ ವ್ಯಾಪಾರಿ ಹಳಿ ಕೀಳಿಸಲು ಲಾರಿ ತಂದ. ಆವತ್ತು ಭಾನುವಾರ. ನೆಲಿದಾ ಮನೆಯ ಊಟದ ಮೇಜನ್ನು ಗಂಡನಿಂದ ಹೊರಿಸಿ ತಂದು ಹಳಿಗಳ ನಡುವೆ ಹಾಕಿಸಿದಳು.

"ಏನಮ್ಮಾ ಇದು? ಜಾಗ ಬಿಡಿ," ಎಂದ ವ್ಯಾಪಾರಿ.

"ಊಟಕ್ಕೆ ಕೂತೋರನ್ನ ಎಬ್ಬಿಸ್ತಾರೇನಪ್ಪಾ? ಬಾ, ನೀನೂ ಕೂತ್ಕೊ."

ಅಷ್ಟರಲ್ಲಿ ನಾವೂ ಕುರ್ಚಿ ಹೊತ್ತು ಬಂದೆವು. ಕೆಂಡದ ಮೇಲೆ ಮಾಂಸ ಬೇಯುವ ಘಮಕ್ಕೆ ಕೂಲಿಯವರು ಸಲಾಕೆ ಕೆಳಗಿಟ್ಟರು. ಕತ್ತಲಾದರೂ ನಮ್ಮ ಊಟ ಮುಗಿಯಲಿಲ್ಲ. ವ್ಯಾಪಾರಿ ಹೊಟ್ಟೆ ತುಂಬಿಸಿಕೊಂಡು ಖಾಲಿ ಲಾರಿಯಲ್ಲಿ ಹೊರಟ. ಮತ್ತೊಮ್ಮೆ ವಾರದ ನಡುವೆ ಬಂದ. ನೆಲಿದಾ ಯಾರದೋ ಹುಟ್ಟುಹಬ್ಬ ಹುಡುಕಿ ಮೇಜು ಹಾಕಿಸಿದಳು. ಆಮೇಲೆ ಅವನ ಸುಳಿವಿಲ್ಲ.

ಭಾನುವಾರದ ಊಟ ಮಾತ್ರ ನಿಲ್ಲಲಿಲ್ಲ. ಊಟಕ್ಕೆ ಮುಂಚೆ ಹಸಿಂತೊ ಹಳಿಯ ಹುಲ್ಲು ಕಿತ್ತು ಬೋಲ್ಟು ಬಿಗಿಯುತ್ತಿದ್ದ.

"ರೈಲೇ ಇಲ್ಲದ ಹಳಿಗೆ ಇಷ್ಟೊಂದು ಉಪಚಾರ ಯಾಕೋ ಮಾರಾಯ?" ಎಂದು ನಾನು ಕೆಣಕಿದರೆ, "ಮೇಜು ಅಲ್ಲಾಡಬಾರದಲ್ಲ," ಎನ್ನುತ್ತಿದ್ದ.

ಒಂದು ವಸಂತದ ಭಾನುವಾರ, ನಾವು ಉಣ್ಣುತ್ತಿದ್ದಾಗಲೇ ದೂರದಲ್ಲಿ ಸಿಳ್ಳೆ ಕೇಳಿತು. ಮಾರ್ಗ ಮತ್ತೆ ತೆರೆಯಬಹುದೇ ಎಂದು ನೋಡಲು ಒಂಟಿ ಎಂಜಿನ್ ನಿಧಾನಕ್ಕೆ ಬರುತ್ತಿತ್ತು. ನಾವು ಪಾತ್ರೆ ಎತ್ತಿಕೊಂಡು ಓಡಿದೆವು. ಮೇಜು ಅಲ್ಲೇ ಉಳಿಯಿತು; ಎಂಜಿನ್ ಅದರೆದುರು ಬಂದು ನಿಂತಿತು.

"ಹಳಿ ಮೇಲೆ ಯಾರ್ರೀ ಮೇಜು ಹಾಕಿರೋದು?" ಚಾಲಕ ತಲೆ ಹೊರಹಾಕಿ ಕೂಗಿದ.

"ಇಷ್ಟು ವರ್ಷ ತಡಮಾಡಿ ಬಂದು ನಮ್ಮನ್ನೇ ಗದರ್ತೀಯಾ?" ಎಂದಳು ನೆಲಿದಾ. "ಇಳಿ, ಎಂಪನಾದಾ ಆರಿಹೋಗತ್ತೆ."

ಅವನು ಇಳಿದು ನಾಲ್ಕು ತಿಂದ. ಹಸಿಂತೊ ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು, ಅಳುತ್ತಲೂ ನಗುತ್ತಲೂ ನಿಂತಿದ್ದ.

ಈಗ ವಾರಕ್ಕೆರಡು ಸಲ ರೈಲು ಬರುತ್ತದೆ. ದೇಶದ ಎಷ್ಟೋ ಮಾರ್ಗಗಳು ಇನ್ನೂ ಹುಲ್ಲಿನಡಿಯೇ ಇವೆ. ನಮ್ಮದು ಹಳೆಯ ಹಳಿಯಾದ್ದರಿಂದ ಗಾಡಿ ತೆವಳುತ್ತದೆ. ಬದುಕೆಲ್ಲ ಪ್ಲಾಟ್‌ಫಾರ್ಮಿನಲ್ಲೇ ಕಳೆದ ನೆಲಿದಾ ರೈಲು ಹತ್ತಿದ್ದೇ ಇಲ್ಲವಂತೆ. ಮೊನ್ನೆ ಮೊದಲ ಸಲ ರೈಲು ಹತ್ತಿ ಅವಳ ತಂಗಿಯ ಊರಿಗೆ ಹೊರಟ ಗಂಡ ಹೆಂಡಿರ ಎದುರಿಗೆ ನಾನೂ ಕೂತಿದ್ದೆ.

"ಆ ಕುದುರೆ ನಮ್ಮನ್ನ ದಾಟಿ ಹೋಯ್ತಲ್ಲೇ," ಎಂದ ಹಸಿಂತೊ, ಕಿಟಕಿಯಾಚೆ ನೋಡುತ್ತ.

"ಹೋಗ್ಲಿ ಬಿಡು, ಅದಕ್ಕೇನು ಕೆಲಸವೋ. ನೀನು ಈಚೆ ಸರಿ, ಕಿಟಕಿ ನಂದು."