ಅಂಗಡಿಯಲ್ಲಿ ಕೂರಲು ಬಂದ ಮಿಷನ್

ನನ್ನ ಅಕ್ಕನ ಗಂಡ ಗವಿಸಿದ್ದಪ್ಪನಿಗೆ ಹೊಸ ಸಾಮಾನು ಕಂಡರೆ ಆಗುವುದಿಲ್ಲ. ಗ್ಯಾರಂಟಿ ಕೊಟ್ಟು ಮಾರುವ ವಸ್ತುವಿನಲ್ಲಿ ಅವನಿಗೆ ಬಿಚ್ಚಲು ಏನೂ ಇರುವುದಿಲ್ಲ, ಅದಕ್ಕೆ. ಕುರೆಕುಪ್ಪದ ಅವನ ಹಿತ್ತಲಿಗೆ ಹೋದರೆ ನೀರೆತ್ತದ ಪಂಪು, ಗಾಳಿ ಬೀಸದೆ ಬರೀ ಸದ್ದು ಮಾಡುವ ಕೂಲರ್, ಯಾವನೋ ಹಲ್ಲಿನ ಡಾಕ್ಟರು ಬಿಸಾಕಿದ ಕುರ್ಚಿ, ಎಲ್ಲ ಸಿಗುತ್ತವೆ. ಕುರ್ಚಿ ಯಾಕೆ ಮಾವ ಎಂದು ಕೇಳಿದ್ದಕ್ಕೆ, "ಏರಸ್ತೈತಿ, ಇಳಸ್ತೈತಿ ನೋಡಲೇ" ಎಂದಿದ್ದ. ಇಳಿಸುತ್ತಿತ್ತು, ನಿಜ. ಏರಿಸಿದ್ದನ್ನು ಯಾರೂ ಕಂಡಿಲ್ಲ. ಎದುರಿಗೆ ನಾನು ಅವನಿಗೆ 'ರೀ' ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

ಮಾವ ಸ್ಟೀಲ್ ಪ್ಲಾಂಟಿನಲ್ಲಿ ಗುತ್ತಿಗೆಯ ಫಿಟ್ಟರ್. ಮನೆಯ ಮುಂಭಾಗದಲ್ಲಿ ಅಂಗಡಿ. ಅಂಗಡಿ ಎಂದರೆ ನನ್ನ ಅಕ್ಕ ಸಂಗಮ್ಮ. ಖಾರಾ ಮಂಡಕ್ಕಿ, ಚಕ್ಕುಲಿ, ಹುರಿದ ಶೇಂಗಾ, ಚಹಾ. ಶಿಫ್ಟಿಗೆ ಹೋಗುವವರು, ಶಿಫ್ಟು ಮುಗಿಸಿ ಬರುವವರು ಎಲ್ಲರೂ ಅವಳ ಗಿರಾಕಿಗಳೇ. ಅವಳು ಕೂರುವುದು ಒಂದು ಎತ್ತರದ ಕಬ್ಬಿಣದ ಸ್ಟೂಲಿನ ಮೇಲೆ. ಅದೂ ಮಾವ ಗುಜರಿಯಿಂದ ತಂದದ್ದೇ. ಒಂದು ಕಾಲು ಗಿಡ್ಡ. ಅದರ ಕೆಳಗೆ ರಟ್ಟು ಮಡಚಿ ಇಟ್ಟಿದ್ದಾಳೆ. ಆದರೂ ಅವಳು ಸಕ್ಕರೆ ಡಬ್ಬಿಗೆ ಕೈ ಚಾಚಿದರೆ ಸ್ಟೂಲು ಆ ಕಡೆ ವಾಲುತ್ತದೆ, ಚಿಲ್ಲರೆಗೆ ಕೈ ಚಾಚಿದರೆ ಈ ಕಡೆ.

ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ನಾನು ನಮ್ಮೂರು ಮೆಟ್ರಿಯಿಂದ ಬರುತ್ತೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ ಮಾವ ತಿನ್ನುತ್ತಾನೆ. ಅಕ್ಕ ಬ್ಯಾಗು ತುಂಬುತ್ತಾಳೆ. ಆಮೇಲೆ ಮಾವ ಬೀಡಿ ಹಚ್ಚಿ, "ಒಂದಿನ ಬಾಗ್ಲಾ ಹಾಕಿದ್ರ ಗಿರಾಕಿ ಎದುರಿನ ಅಂಗಡಿಗೆ ಹೊಕ್ಕಾರ, ಹೋದೋರು ತಿರುಗಿ ಬರಾಂಗಿಲ್ಲ" ಎನ್ನುತ್ತಾನೆ. ಅಕ್ಕ ಬ್ಯಾಗು ಬರಿದು ಮಾಡುತ್ತಾಳೆ. "ಬರೋ ವರ್ಷ ಬರ್ತೀನಿ ತಮ್ಮಾ." ನಾನು ಉರಿದುಕೊಂಡು ಒಬ್ಬನೇ ವಾಪಸ್ಸು ಬಸ್ಸು ಹತ್ತುತ್ತೇನೆ. ನಮ್ಮ ಮನೆಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗಲೆಲ್ಲ ಅವ್ವ ಮೊದಲು ಯಾರನ್ನೂ ಕೂರಿಸುವುದಿಲ್ಲ. ಮಗಳು ಬಂದರೆ ಎಂದು ಸ್ವಲ್ಪ ಹೊತ್ತು ಕಾಯುತ್ತಾಳೆ. ಈ ಸಲ ಅವ್ವ ಖಡಾಖಂಡಿತ ಹೇಳಿದ್ದಳು: "ಅಕಿನ್ನ ಬಿಟ್ಟು ಬಂದ್ರ ನೀನೂ ಬರಬ್ಯಾಡ."

ಹಬ್ಬಕ್ಕೆ ಇನ್ನೂ ವಾರಗಳಿರುವಾಗ ಮಾವನ ಫೋನ್ ಬಂತು. "ಲೇ ವೀರೇಶ, ಈ ಸಲ ನಿಮ್ಮಕ್ಕನ್ನ ಕಳಸ್ತೀನಿ. ಅಂಗಡ್ಯಾಗ ಕುಂದ್ರಾಕ ಒಂದು ಮಿಷನ್ ತಂದೀನಿ. ದುಡ್ಡು ಹಾಕಿದ್ರ ತಾನ ಮಾಲು ಕೊಡ್ತೈತಿ. ಉಣ್ಣಾಂಗಿಲ್ಲ, ಮಲಗಾಂಗಿಲ್ಲ, ತವರುಮನಿ ಅನ್ನಾಂಗಿಲ್ಲ!"

ಹೋಗಿ ನೋಡಿದೆ. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಮುಂದೆ ಗಾಜು. ಹೊಸಪೇಟೆಯ ರೇವಣಸಿದ್ದನ ಗುಜರಿ ಅಂಗಡಿಯಲ್ಲಿ ಅದನ್ನು ಕಬ್ಬಿಣದ ಲೆಕ್ಕದಲ್ಲಿ ಕಿಲೋಗೆ ತೂಗಿ ಕೊಂಡಿದ್ದ. ಬೀಗದ ಕೈ ಇರಲಿಲ್ಲ. ಒಳಗೆ ಯಾವ ಕಾಲದ್ದೋ ಚಿಪ್ಸ್ ಪ್ಯಾಕೆಟ್ಟುಗಳು ಉಬ್ಬಿಕೊಂಡು ಕೂತಿದ್ದವು. ತೂಕದಲ್ಲಿ ಅವಕ್ಕೂ ದುಡ್ಡು ಕೊಟ್ಟಿದ್ದಾನೆ ಮಹಾನುಭಾವ. ಡ್ರಿಲ್ ಹಾಕಿ ಬೀಗ ತೆಗೆದಾಗ ಹಿಂಬದಿಯ ವೈರುಗಳ ನಡುವೆ ಇಲಿಯ ಸಂಸಾರ ಸಿಕ್ಕಿತು. ಅವೂ ತೂಕಕ್ಕೆ ಬಂದಿರಬೇಕು.

ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ರಿಪೇರಿ ಚೆನ್ನಾಗಿಯೇ ಮಾಡಿದ. ಇಲಿ ಕಡಿದ ವೈರು ಬದಲಿಸಿದ, ಮೋಟರಿಗೆ ಗ್ರೀಸು ಹಚ್ಚಿದ, ಸೊಟ್ಟಗಾದ ಸ್ಪ್ರಿಂಗುಗಳನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಮಾಡಿದ. ದುಡ್ಡು ಹಾಕಿ ಗುಂಡಿ ಒತ್ತಿದರೆ ಸ್ಪ್ರಿಂಗು ತಿರುಗಿ ಮುಂದಿನ ಪ್ಯಾಕೆಟ್ಟನ್ನು ಕೆಳಕ್ಕೆ ನೂಕುತ್ತದೆ. ಕೆಳಗಿನ ಗೂಡಿನ ಎರಡೂ ಬದಿಗೆ ಗುಬ್ಬಿ ಕಣ್ಣಿನಷ್ಟು ಗಾಜಿನ ಚುಕ್ಕೆಗಳಿದ್ದವು. "ಇವು ಇದರ ಕಣ್ಣು" ಎಂದು ನನ್ನನ್ನು ಬಗ್ಗಿಸಿ ತೋರಿಸಿದ. "ಪ್ಯಾಕೆಟ್ ಬಿದ್ದದ್ದು ಕಂಡ್ರ ಮೋಟರ್ ನಿಲ್ಲತೈತಿ. ಕಾಣಲಿಲ್ಲಂದ್ರ ಪಾಪ ಗಿರಾಕಿಗೆ ಮಾಲು ಸಿಕ್ಕಿಲ್ಲ ಅಂದ್ಕಂಡು ಮತ್ತ ತಿರಗತೈತಿ. ಭಾಳ ಪ್ರಾಮಾಣಿಕ ಐತಿ." ಅದು ಹತ್ತು ರೂಪಾಯಿಯ ನಾಣ್ಯ ಮಾತ್ರ ನುಂಗುತ್ತಿತ್ತು. ನಮ್ಮ ಕಡೆ ಆ ನಾಣ್ಯವನ್ನು ಯಾವ ಅಂಗಡಿಯವರೂ ಮುಟ್ಟುವುದಿಲ್ಲ. ಹಾಗಾಗಿ ಸುದ್ದಿ ಹಬ್ಬಿದ್ದೇ ತಡ, ಊರಿನ ಎಲ್ಲ ಡಬ್ಬಿಗಳಲ್ಲಿ ಕೊಳೆಯುತ್ತಿದ್ದ ನಾಣ್ಯಗಳು ಹೊರಗೆ ಬಂದವು.

ಅಕ್ಕ ಹಬ್ಬದ ಹಿಂದಿನ ದಿನಗಳೆಲ್ಲ ಪ್ಯಾಕೆಟ್ಟು ಕಟ್ಟಿದಳು. ಪೆಟ್ಟಿಗೆ ತುಂಬಾ ಖಾರಾ ಮಂಡಕ್ಕಿ, ಚಕ್ಕುಲಿ, ಶೇಂಗಾ. ಮಾವ ರಜೆ ಹಾಕಿದ. ಅಂಗಡಿ ನೋಡಿಕೊಳ್ಳಲು ಮಿಷನ್, ಮಿಷನ್ ನೋಡಿಕೊಳ್ಳಲು ಇವನು. ಹಬ್ಬಕ್ಕೆ ಕರೆಯಲು ಬಂದ ನನಗೆ ಇದರಲ್ಲಿ ಏನೋ ಎಡವಟ್ಟಿದೆ ಎಂದು ಅನಿಸಿತು, ಆದರೆ ಅಕ್ಕ ಹೊಸ ಸೀರೆಯುಟ್ಟು ಬ್ಯಾಗು ಹಿಡಿದು ನಿಂತಿದ್ದಳು.

ಹೊರಡುವ ಮೊದಲು ಪೂಜೆ. ನಮ್ಮವರು ತಕ್ಕಡಿಯಿಂದ ಹಿಡಿದು ಮೋಟರ್ ಸೈಕಲ್ಲಿನವರೆಗೆ ಯಾವುದನ್ನೂ ವಿಭೂತಿ ಹಚ್ಚದೆ ಶುರು ಮಾಡುವುದಿಲ್ಲ. ಮಾವನಂತೂ ಪ್ಲಾಂಟಿನ ಸ್ಪ್ಯಾನರಿಗೂ ಬಳಿಯುವವನು. ವಿಭೂತಿ ಗಟ್ಟಿ ನೀರಲ್ಲಿ ತೇಯ್ದು ಮಿಷನ್ನಿನ ಹಣೆಗೆ ಮೂರು ಬೆರಳು ಎಳೆದ, ಎರಡೂ ಪಕ್ಕೆಗೆ ಎಳೆದ. ಭಕ್ತಿ ಇನ್ನೂ ಉಳಿದಿತ್ತು. ಗೂಡಿನೊಳಗೆ ಕೈ ಹಾಕಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ದಪ್ಪಗೆ ಬಳಿದ. ಕಾಯಿ ಒಡೆದ. ನಾನೂ ಕೈ ಮುಗಿದೆ.

ಬೋಣಿಗೆಗೆ ಬಂದವನು ಪ್ಲಾಂಟಿನ ಗೇಟಿನ ವಾಚ್‌ಮನ್ ಹನುಮಣ್ಣ. ನಾಣ್ಯ ಹಾಕಿ ಗುಂಡಿ ಒತ್ತಿದ. ಸ್ಪ್ರಿಂಗು ತಿರುಗಿತು, ಮಂಡಕ್ಕಿ ಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇನ್ನೊಂದು ಬಿತ್ತು. ಚಪ್ಪಾಳೆ ನಿಂತಿತು. ಮತ್ತೊಂದು ಬಿತ್ತು. ಕಣ್ಣಿಗೆ ವಿಭೂತಿ ಮೆತ್ತಿಸಿಕೊಂಡ ಆ ಪ್ರಾಮಾಣಿಕ ಮಿಷನ್ನು ಇನ್ನೂ ಏನೂ ಬಿದ್ದಿಲ್ಲ ಎಂದುಕೊಂಡು ಸಾಲಿಗೆ ಸಾಲೇ ಸುರಿಯತೊಡಗಿತು. ಹನುಮಣ್ಣ ನಿಧಾನಸ್ಥ. ಟವೆಲ್ಲು ಹಾಸಿ ಕೂತ.

"ಮಾವ, ಪ್ಲಗ್ ತಗೀರಿ!" ಎಂದು ಕಿರುಚಿದೆ.

"ಬೋಣಿಗೆಲೇ! ಬೋಣಿಗೆ ನಡುವ ನಿಲ್ಲಸಬಾರ್ದು!" ಎಂದ. ಬೆವರುತ್ತಿದ್ದ. ಕೊಟ್ಟ ಬೋಣಿಗೆ ವಾಪಸ್ಸು ಇಸಕೊಳ್ಳುವುದೂ ಇಲ್ಲವಲ್ಲ. ಹನುಮಣ್ಣ ಗಂಟು ಕಟ್ಟಿ, "ಮಸ್ತ್ ಐತ್ರೀ ನಿಮ್ಮ ಮಿಷನ್" ಎಂದು ಹರಸಿ ಹೋದ. ಅಷ್ಟರಲ್ಲಿ ನಾಣ್ಯ ಹಿಡಿದವರ ದೊಡ್ಡ ಪಾಳಿ ನಿಂತಿತ್ತು, ಚಕ್ಕುಲಿ ಸಾಲಿನ ಗುಂಡಿಯ ಮೇಲೆ ಆಗಲೇ ಯಾರದೋ ಬೆರಳಿತ್ತು.

ಅಕ್ಕ ಬ್ಯಾಗು ಕೆಳಗಿಟ್ಟಳು. ಮುಗಿಯಿತು, ಈ ವರ್ಷವೂ ಮುಗಿಯಿತು.

ಅವಳು ಸೀದಾ ಹೋಗಿ ಪ್ಲಗ್ ಕಿತ್ತಳು. ಮಾವ ತಲೆ ಕೆರೆದುಕೊಂಡು, "ಸಂಗಮ್ಮ, ಎಲ್ಲೋ ಲೂಜ್ ಆಗೈತಿ, ಇವತ್ತೊಂದಿನ ನೋಡ್ತೀನಿ, ನೀ ನಾಳಿ ಹೋಗೀಯಂತ" ಎಂದ.

"ಮಿಷನ್ ಇರಲಿ ಬಿಡ್ರಿ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ನೀವು ಕುಂದ್ರಿ."

"ಎಲ್ಲಿ?"

"ಇಲ್ಲಿ." ಸ್ಟೂಲು ತೋರಿಸಿದಳು. "ರಜಾ ಹಾಕೀರಲ್ಲ."

ಮಾವ ನನ್ನ ಮುಖ ನೋಡಿದ. ಮಿಷನ್ನಿನ ಮುಖವನ್ನೂ ನೋಡಿದ. ಗುಜರಿಯಿಂದ ಏನೇನೋ ತಂದ ಆ ತಲೆಗೆ ಈ ಉಪಾಯ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಅಕ್ಕ ಬ್ಯಾಗೆತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ನಾನು ಓಡಬೇಕಾಯಿತು.

ಮೆಟ್ರಿಯಲ್ಲಿ ಅವ್ವ ಮಗಳನ್ನು ತಬ್ಬಿ ಅತ್ತಳು, ಆಮೇಲೆ ಬಡಕಲಾಗಿದ್ದೀ ಎಂದು ಬೈದಳು. ಅಕ್ಕ ಜೋಕಾಲಿ ಹತ್ತಿದಳು. ಫೋನ್ ರಿಂಗಾಯಿತು. ಸಕ್ಕರೆ ಎಲ್ಲೈತಿ? ಮತ್ತೆ ರಿಂಗಾಯಿತು. ಸ್ಟವ್ ಯಾಕ ಹೊಗಿ ಬರತೈತಿ? ಮೂರನೆಯ ಸಲ ಅವಳು ಫೋನನ್ನು ಉಂಡಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, "ಜೋರಾಗಿ ತೂಗೋ ತಮ್ಮಾ" ಎಂದಳು. ಬೇವಿನ ಟೊಂಗೆ ಕಿರುಗುಟ್ಟುವಷ್ಟು ತೂಗಿದೆ. ಅವಳು ಹಾಗೆ ನಗುವುದನ್ನು ನಾನು ಮರೆತೇಬಿಟ್ಟಿದ್ದೆ.

ಹಬ್ಬ ಮುಗಿಸಿ ಕುರೆಕುಪ್ಪಕ್ಕೆ ಬಂದಾಗ ಮಿಷನ್ನು ಪ್ಲಗ್ ಕಿತ್ತಂತೆಯೇ ನಿಂತಿತ್ತು. ಮಾವ ಅದನ್ನು ಮುಟ್ಟಿಯೂ ಇರಲಿಲ್ಲ. ಅಂಗಡಿ ತೆರೆದಿತ್ತು, ಗಿರಾಕಿಗಳು ತಾವೇ ಚಹಾ ಕಾಸಿಕೊಳ್ಳುತ್ತಿದ್ದರು. ಮಾವ ನೆಲದ ಮೇಲೆ ಕೂತು ಸ್ಟೂಲನ್ನು ಬೋರಲು ಹಾಕಿ ಅರದಿಂದ ಉಜ್ಜುತ್ತಿದ್ದ. ಗಿಡ್ಡ ಕಾಲಿಗೆ ಹೊಸ ಕಬ್ಬಿಣ ಬೆಸುಗೆ ಹಾಕಿದ್ದ.

"ಇದು ಅಲ್ಲಾಡತೈತಲೇ ವೀರೇಶ" ಎಂದ, ಯಾರೋ ತನಗೆ ಮೋಸ ಮಾಡಿದ ಹಾಗೆ. "ಒಂದಿನ ಕುಂದ್ರೂದ್ರಾಗ ಸೊಂಟ ಬಿತ್ತು. ಇಕಿ ಒಂದು ಮಾತೂ ಹೇಳಿಲ್ಲ ನೋಡು." ಅಕ್ಕನ ಮುಖ ನೋಡದೆ ಮತ್ತೆ ಅರ ತಿಕ್ಕತೊಡಗಿದ. ಮೊದಲ ಸಲ ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ.

ಅವನು ಸ್ಟೂಲು ನೆಟ್ಟಗೆ ನಿಲ್ಲಿಸಿದ. ಅಕ್ಕ ಹತ್ತಿ ಕೂತಳು. ಸಕ್ಕರೆ ಡಬ್ಬಿಗೆ ಕೈ ಚಾಚಿದಳು, ಚಿಲ್ಲರೆಗೆ ಚಾಚಿದಳು. ಅದು ಅಲುಗಲಿಲ್ಲ.

"ಚಲೋ ಆಗೈತ್ರಿ" ಎಂದು ಇಳಿದು, ಸ್ಟೂಲನ್ನು ಗಂಡನ ಕಡೆ ಸರಿಸಿದಳು. "ಬರೋ ಪಂಚಮಿಗೆ ನಿಮಗ ತ್ರಾಸ ಆಗಾಂಗಿಲ್ಲ."