ಮಿಕ್ಕ ಚೂರುಗಳ ಟ್ಯಾಂಕು

ಪ್ಲಾಸ್ಟಿಕ್ ಟ್ಯಾಂಕಿನ ಕಿಟ್ ತಂದು ಜೋಡಿಸುವ ಹವ್ಯಾಸವುಳ್ಳವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಟ್ಯಾಂಕು ಸಾಂಗವಾಗಿ ಸಿದ್ಧವಾದ ಮೇಲೂ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಚೂರುಗಳು ಮಿಕ್ಕೇ ಮಿಗುತ್ತವೆ. ಒಂದೇ ಅಚ್ಚಿನಿಂದ ಮೂರು ಬಗೆಯ ವಾಹನಗಳನ್ನು ಮಾರುವ ತಯಾರಕನ ಜಾಣತನ ಅದು. ಇದನ್ನರಿಯದ ನಾನು ಮೊದಲ ಸಲ ಎಲ್ಲೋ ತಪ್ಪಿದ್ದೇನೆಂದು ಗಾಬರಿಬಿದ್ದು, ಒಣಗಿದ ಅಂಟನ್ನು ಕೆರೆದು, ಸರಿಯಾಗಿದ್ದ ಟ್ಯಾಂಕನ್ನು ಕೈಯಾರೆ ಕೆಡಿಸಿದೆ. ನನ್ನ ಸ್ವಭಾವವೇ ಅಂಥದ್ದು.

ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಬೋಧಿಸುವ ನಲವತ್ತೈದರ ಗಂಡಸು ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಕೂತು ಸಮರವಾಹನಗಳನ್ನು ಅಂಟಿಸುವುದು ಶೋಭೆಯಲ್ಲವೆಂದು ನನ್ನ ಹೆಂಡತಿ ಹೇಳುತ್ತಿದ್ದಳು. ಮನೆಯಲ್ಲಿ ಅಸಲು ಸಮರವೇ ಸಾಗಿದ್ದಾಗ ಮಾದರಿಯ ಅಗತ್ಯವಾದರೂ ಏನಿತ್ತು, ನೀವೇ ಹೇಳಿ. ಕೊನೆಗೊಮ್ಮೆ ಆಕೆ ನಮ್ಮ ಹತ್ತು ವರ್ಷದ ಮಗಳು ಇಳಾಳನ್ನು ಕರೆದುಕೊಂಡು ನೋಯ್ಡಾಕ್ಕೆ ಹೊರಟುಹೋದಳು. ಭಾನುವಾರಗಳು ಮಾತ್ರ ನನ್ನ ಪಾಲಿಗೆ ಬಂದವು.

ಮೊದಲ ಭಾನುವಾರವೇ ಇಳಾ ಮಂಚದ ಕೆಳಗಿದ್ದ ಬಿಸ್ಕತ್ತಿನ ಡಬ್ಬಿಯನ್ನು ಹೊರಗೆಳೆದಳು. ಆರೇಳು ಕಿಟ್‌ಗಳಲ್ಲಿ ಮಿಕ್ಕ ಸಾಮಾನೆಲ್ಲ ಅದರಲ್ಲಿತ್ತು: ಜೋಡಿಯಿಲ್ಲದ ಚಕ್ರಗಳು, ಮುಚ್ಚಳಗಳು, ಒಂದು ತೋಪಿನ ನಳಿಗೆ, ಕೈಯಿಲ್ಲದ ಒಬ್ಬ ಸೈನಿಕ. ಇವಿಷ್ಟರಿಂದಲೇ ಯಾವ ಸೈನ್ಯದಲ್ಲೂ ಇಲ್ಲದ ಟ್ಯಾಂಕು ಮಾಡೋಣವೆಂದು ನಕ್ಷೆ ಬರೆದು, ಚಾಲಕನ ಜಾಗದಲ್ಲಿ ತನ್ನ ಹೆಸರು ಬರೆದುಕೊಂಡಳು. ಟ್ಯಾಂಕಿಗೊಂದು ಕಿಟಕಿಯೂ ಬೇಕೆಂದಳು. ಕಿಟಕಿಯಿರುವುದಿಲ್ಲವೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಆ ಕೆಲಸವನ್ನು ನಾನು ಬೇಕೆಂದೇ ಮುಂದೂಡಿದೆ. ಟ್ಯಾಂಕು ಮುಗಿದರೆ ಅವಳು ಬರುವುದಕ್ಕೆ ನೆಪವೇ ಉಳಿಯದೆಂಬ ಭಯ. ಪ್ರತಿ ಭಾನುವಾರ ಅವಳು ಡಬ್ಬಿಯನ್ನು ಮುಂದಿಟ್ಟುಕೊಂಡು, "ಅಪ್ಪಾ, ನಾವು ಇದನ್ನ ಕಬ್ ಮಾಡೋದು?" ಎನ್ನುವಳು; ಯಾವಾಗ ಎಂಬುದು ಅವಳ ಬಾಯಲ್ಲಿ ಹಿಂದಿಯಲ್ಲೇ ಬರುತ್ತಿತ್ತು.

"ಅವಸರ ಇಲ್ಲ ಪುಟ್ಟಿ," ಎಂದು ನಾನು ಅವಳನ್ನು ಮೆಟ್ರೊ ಹತ್ತಿಸಿ ಕರೋಲ್ ಬಾಗ್‌ಗೆ ಛೋಲೆ ಭಟೂರೆ ತಿನ್ನಿಸಲು ಕರೆದೊಯ್ಯುವೆ.

"ಅಚ್ಛಾ," ಎಂದು ಅವಳು ಡಬ್ಬಿ ಮುಚ್ಚುವಳು. ಐದಾರು ಭಾನುವಾರ ಹೀಗೇ ಕಳೆದವು. ಆಮೇಲೆ ಅವಳಿಗೆ ಟೆಸ್ಟು, ಗೆಳತಿಯ ಬರ್ತ್‌ಡೇ, ನೆಗಡಿ. ಆಮೇಲಾಮೇಲೆ ಕಾರಣ ಹೇಳುವುದೂ ನಿಂತಿತು.

ಮೂರು ತಿಂಗಳು ಕಳೆದ ಮೇಲೆ ಅವಳ ತಾಯಿ ಫೋನಿನಲ್ಲಿ ಹೇಳಿದಳು: "ಟ್ಯಾಂಕು ಮಾಡೋಣ ಅಂದಾಗಲೆಲ್ಲ ಚಾನ್ಸೇ ಇಲ್ಲ ಅಂದ್ರಂತಲ್ಲ. ಮಗು ಎಷ್ಟು ಸಲ ಅಂತ ಕೇಳ್ತಾಳೆ?"

ಹಾಗೆ ಅಂದೇ ಇಲ್ಲವೆಂದು ವಾದಿಸಲು ಬಾಯಿ ತೆರೆದವನಿಗೆ ಥಟ್ಟನೆ ಹೊಳೆಯಿತು. ಹಿಂದಿಯಲ್ಲಿ ಅವಸರವೆಂದರೆ ಅವಕಾಶ. ಶಾಲೆಯ ಹಿಂದಿ ಪಾಠದಲ್ಲಿ ಅವಳು ಕಲಿತದ್ದು ಆ ಅರ್ಥವನ್ನು; ನಮ್ಮ ಅವಸರವನ್ನು ಅವಳು ಕೇಳಿಯೇ ಇರಲಿಲ್ಲ, ಏಕೆಂದರೆ ನಾವಿಬ್ಬರೂ ಅವಳನ್ನು ದಿನಾ ಸ್ಕೂಲಿಗೆ ಹೊರಡಿಸಿದ್ದು "ಜಲ್ದಿ, ಜಲ್ದಿ" ಎಂದೇ. ಸಂಸ್ಕೃತದ ಒಂದೇ ಶಬ್ದ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ತಳೆಯುವ ಪರಿಯನ್ನು, ಕನ್ನಡದ ಶಿಕ್ಷೆ ಹಿಂದಿಯಲ್ಲಿ ವಿದ್ಯಾಭ್ಯಾಸವಾಗುತ್ತದೆಂದು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ನಗಿಸುತ್ತ, ವಿವರಿಸುವ ಪಂಡಿತ ನಾನು. ಥೂ, ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ.

ಕೂಡಲೇ ಇಳಾಳಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅರ್ಥವಾಯಿತೆಂದಳು. ಆದರೆ ಅರ್ಥವಾಗುವುದಕ್ಕೂ ಮತ್ತೆ ಆಸೆ ಹುಟ್ಟುವುದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ನಂತರದ ಖಾಲಿ ಭಾನುವಾರಗಳಲ್ಲಿ ನನಗೆ ಮನದಟ್ಟಾಯಿತು. ಕೊನೆಗೆ ಅವಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ನಾನೊಬ್ಬನೇ ಟ್ಯಾಂಕು ಮಾಡಿದೆ. ಎಡಕ್ಕೆ ನಾಲ್ಕು ಚಕ್ರ, ಬಲಕ್ಕೆ ಐದು, ಕಿಟಕಿಯನ್ನೂ ಕೊರೆದೆ. ಅಂಟು ಒಣಗುವವರೆಗೆ ಒತ್ತಿ ಹಿಡಿಯಲು ಇನ್ನೆರಡು ಕೈ ಬೇಕಿದ್ದವು. ಅಳು ಬಂತು, ಅತ್ತೆ.

ದೀಪಾವಳಿ ರಜೆಯಲ್ಲಿ ಅವಳು ಒಂದು ಗಂಟೆಯ ಮಟ್ಟಿಗೆ ಬಂದಳು. ಮೇಜಿನ ಮೇಲಿದ್ದ ಟ್ಯಾಂಕನ್ನು ಮುಟ್ಟದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದಳು.

"ತುಂಬಾ ಚೆನ್ನಾಗಿದೆ. ಎಲ್ಲಾ ನೀವೇ ಮಾಡಿದ್ರಾ?"

ಮಾತು ಬಂದಂದಿನಿಂದ ನನ್ನನ್ನು ನೀನು ಎಂದೇ ಕರೆದ ಮಗಳು. ಪರರ ಮನೆಗೆ ಹೋದಾಗ ಹಿರಿಯರೊಡನೆ ಹೇಗೆ ಮಾತಾಡಬೇಕೆಂದು ನಾವೇ ಕಲಿಸಿದ್ದೆವು. ಒಂದೂ ಹಿಂದಿ ಪದವಿಲ್ಲದ, ಒಂದೂ ತಪ್ಪಿಲ್ಲದ ಕನ್ನಡ. ನಾನು ಹೌದೆಂದೆ.